ಲುಡ್ವಿಗ್ ಟ್ರೌಬೆ: ಪ್ರತಿಕಾರನ ತಪ್ಪಿಗೂ ಬೆಲೆ ಕೊಟ್ಟ ವಿದ್ವಾಂಸ

ಮಧ್ಯಯುಗದ ಲ್ಯಾಟಿನ್ ಬಹುಕಾಲ ಯುರೋಪಿನ ವಿದ್ವಾಂಸರಿಗೇ ಅಸಡ್ಡೆಯ ವಿಷಯವಾಗಿತ್ತು. ಸಿಸೆರೊ, ವರ್ಜಿಲರ ಭಾಷೆ ಕೆಟ್ಟುಹೋಗಿ ಮಠಗಳಲ್ಲಿ ಉಳಿದುಕೊಂಡ ರೂಪ ಅದು, ಪ್ರಾಚೀನ ಕೃತಿಗಳನ್ನು ಕಾಪಾಡಿದ್ದಷ್ಟೇ ಅದರ ಪುಣ್ಯ ಎಂದು ಹಲವರು ಭಾವಿಸಿದ್ದರು. ಅದನ್ನು ಸ್ವತಂತ್ರ ಶಾಸ್ತ್ರವಾಗಿ ನಿಲ್ಲಿಸಿದವರಲ್ಲಿ ಮ್ಯೂನಿಕ್‌ನ ಲುಡ್ವಿಗ್ ಟ್ರೌಬೆ ಮುಖ್ಯರು. ಕಾಸರಗೋಡಿನ ಸುತ್ತಲಿನ ಮನೆಗಳಲ್ಲಿ ಉಳಿದಿರುವ ಯಕ್ಷಗಾನ ಪ್ರಸಂಗಗಳ ಓಲೆಗರಿಗಳನ್ನು ಓದುವ ನನ್ನಂಥವನಿಗೆ ಅವರ ಬದುಕೂ ಕೆಲಸವೂ ಪರಕೀಯವೆನಿಸುವುದಿಲ್ಲ.

ಟ್ರೌಬೆ ಹುಟ್ಟಿದ್ದು 1861ರಲ್ಲಿ, ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ. ಅದೇ ಹೆಸರಿನ ತಂದೆ ಪ್ರಸಿದ್ಧ ವೈದ್ಯರು. ಮಗ ಮ್ಯೂನಿಕ್‌ನಲ್ಲಿ ಓದಿ 1883ರಲ್ಲಿ ಡಾಕ್ಟರೇಟ್ ಪಡೆದರು, 1888ರಲ್ಲಿ ಪಾಠ ಹೇಳುವ ಅರ್ಹತೆಯನ್ನೂ ಗಳಿಸಿದರು. ಕರೋಲಿಂಗಿಯನ್ ಕಾಲದ, ಅಂದರೆ ಶಾರ್ಲಮೇನ್ ಚಕ್ರವರ್ತಿಯ ವಂಶ ಆಳಿದ ಕಾಲದ, ಲ್ಯಾಟಿನ್ ಕವಿಗಳ ಸಂಪುಟವನ್ನು ಸಂಪಾದಿಸಿ ಹೆಸರು ಮಾಡಿದ್ದರೂ ಪ್ರಾಧ್ಯಾಪಕ ಹುದ್ದೆ ಬೇಗ ಕೈಗೆಟುಕಲಿಲ್ಲ. ಯಹೂದಿ ಹುಟ್ಟು ಅದಕ್ಕೆ ಅಡ್ಡಬಂತು. ಕೊನೆಗೆ ಮಧ್ಯಯುಗದ ಲ್ಯಾಟಿನ್‌ಗೆಂದೇ ಮೀಸಲಾದ ಪೀಠ ದೊರೆತಾಗ ಅವರ ವಯಸ್ಸು ನಲವತ್ತು ದಾಟಿತ್ತು, ಆಯುಷ್ಯದಲ್ಲಿ ಕೆಲವೇ ವರ್ಷ ಉಳಿದಿತ್ತು.

ಅವರ ಕೆಲಸಗಳಲ್ಲಿ ನಾನು ಮತ್ತೆ ಮತ್ತೆ ಮರಳುವುದು 1898ರ ಒಂದು ಅಧ್ಯಯನಕ್ಕೆ. ಆರನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠವಾಸಿಗಳಿಗಾಗಿ ಬರೆದ ನಿಯಮಗ್ರಂಥದ ಪಾಠ ನೂರಾರು ವರ್ಷಗಳಲ್ಲಿ ಹೇಗೆ ಸಾಗಿಬಂತು ಎಂಬುದು ಅದರ ವಿಷಯ. ಬೆನೆಡಿಕ್ಟನ ಸ್ವಹಸ್ತಾಕ್ಷರದ್ದೆಂದು ನಂಬಲಾಗಿದ್ದ ಪ್ರತಿ ಇಟಲಿಯ ಮೊಂಟೆ ಕ್ಯಾಸಿನೊ ಮಠದಲ್ಲಿತ್ತು. ಶಾರ್ಲಮೇನ್ ಚಕ್ರವರ್ತಿ ಅದರ ನಕಲನ್ನು ತರಿಸಿಕೊಂಡ. 817ರ ಹೊತ್ತಿಗೆ ರೈಖೆನೌ ಮಠದ ಗ್ರಿಮಾಲ್ಟ್, ಟಾಟ್ಟೊ ಎಂಬ ಇಬ್ಬರು ಸನ್ಯಾಸಿಗಳು ಆ ನಕಲನ್ನು ಅಕ್ಷರಶಃ ಪ್ರತಿ ಮಾಡಿದರು. ವ್ಯಾಕರಣ ತಪ್ಪೆಂದು ಕಂಡಲ್ಲಿಯೂ ಅವರು ಮೂಲವನ್ನು ಮುಟ್ಟದೆ, ಬೇರೆ ಪ್ರತಿಗಳ ಪಾಠಗಳನ್ನು ಅಂಚಿನಲ್ಲಿ ಬರೆದರು. ಅವರ ಶ್ರಮದ ಫಲ ಇಂದು ಸ್ವಿಟ್ಜರ್ಲೆಂಡಿನ ಸಾಂಕ್ಟ್ ಗಾಲೆನ್ ಗ್ರಂಥಾಲಯದ 914ನೆಯ ಹಸ್ತಪ್ರತಿಯಲ್ಲಿ ಉಳಿದಿದೆ. ಒರಟು ವ್ಯಾಕರಣದ ಈ ಪಾಠವೇ ಮೂಲಕ್ಕೆ ಹತ್ತಿರ, ತಿದ್ದಿ ನಯಗೊಳಿಸಿದ ಪಾಠ ನಂತರದವರದು ಎಂದು ಟ್ರೌಬೆ ತೋರಿಸಿಕೊಟ್ಟರು.

ನಮ್ಮ ಓಲೆಗರಿಗಳ ಕೊನೆಯಲ್ಲಿ ಪ್ರತಿಕಾರರು ಬರೆಯುತ್ತಿದ್ದ ‘ಯಾದೃಶಂ ಪುಸ್ತಕಂ ದೃಷ್ಟಂ ತಾದೃಶಂ ಲಿಖಿತಂ ಮಯಾ’ (ಪುಸ್ತಕ ಕಂಡಂತೆಯೇ ಬರೆದಿದ್ದೇನೆ) ಎಂಬ ಶ್ಲೋಕವನ್ನು ಆ ಇಬ್ಬರು ಸನ್ಯಾಸಿಗಳೂ ಒಪ್ಪುತ್ತಿದ್ದರು. ಗರಿಗೆ ಕಾಡಿಗೆ ಸವರಿ ಒರೆಸಿದಾಗ ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರಗಳು ಎದ್ದು ಕಾಣುತ್ತವೆ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಭೇದವಿಲ್ಲ, ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗಿವೆ, ಒಂದೇ ಪದ ಎರಡು ಕಡೆ ಬರುವಲ್ಲಿ ಕಣ್ಣು ಜಿಗಿದು ನಡುವಿನ ಚರಣ ಬಿಟ್ಟುಹೋಗಿದೆ. ಅಚ್ಚಿಗೆ ಕೊಡುವಾಗ ಇದನ್ನೆಲ್ಲ ಸದ್ದಿಲ್ಲದೆ ಸರಿಪಡಿಸುವ ಪದ್ಧತಿ ನಮ್ಮಲ್ಲಿದೆ, ಇದು ನನಗೆ ಬಹಳ ನೋವಿನ ಸಂಗತಿ. ಎರಡು ಪ್ರತಿಗಳಲ್ಲಿ ಒಂದೇ ಚರಣ ಒಂದೇ ರೀತಿಯಲ್ಲಿ ಬಿಟ್ಟುಹೋಗಿದ್ದರೆ ಅವೆರಡೂ ಒಂದೇ ಮಾತೃಕೆಯಿಂದ, ಅಂದರೆ ಒಂದೇ ಮೂಲಪ್ರತಿಯಿಂದ, ಬಂದಿರುವ ಸಂಭವ ಹೆಚ್ಚು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕರ್ತೃತ್ವದ ಬಗ್ಗೆ ಇಷ್ಟು ವಾದವಿವಾದಗಳು ನಡೆದಿರುವಾಗ, ಅಂಥ ಸಾಕ್ಷ್ಯವನ್ನು ನಾವೇ ಅಳಿಸಿಹಾಕುವುದು ಸರಿಯಲ್ಲ.

ಟ್ರೌಬೆಯವರ ಕೊನೆಯ ದೊಡ್ಡ ಕೃತಿ ಪವಿತ್ರ ನಾಮಗಳ ಸಂಕ್ಷೇಪಗಳನ್ನು ಕುರಿತದ್ದು. ದೇವರು, ಕ್ರಿಸ್ತ ಮೊದಲಾದ ಹೆಸರುಗಳ ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳನ್ನಷ್ಟೇ ಬರೆದು ಮೇಲೊಂದು ಅಡ್ಡಗೆರೆ ಎಳೆಯುವ ರೂಢಿ ಹುಟ್ಟಿದ್ದು ಜಾಗ ಉಳಿಸುವುದಕ್ಕಲ್ಲ, ಯಹೂದಿಗಳು ದೇವನಾಮವನ್ನು ಬರೆಯುವಾಗ ತೋರುತ್ತಿದ್ದ ಗೌರವದಿಂದ ಎಂಬುದು ಅವರ ವಾದ. ಮುಂದೆ ಇದೇ ರೂಢಿ ‘ನೋಸ್ಟರ್’ (ನಮ್ಮ) ಎಂಬಂಥ ಸಾಮಾನ್ಯ ಲ್ಯಾಟಿನ್ ಪದಗಳಿಗೂ ಹಬ್ಬಿತು. ಅದರ ಷಷ್ಠೀ ರೂಪವಾದ ‘ನೋಸ್ಟ್ರಿ’ಗೆ ಹಳೆಯ ಲಿಪಿಕಾರರು ಎರಡಕ್ಷರ ಬರೆದರೆ ನಂತರದವರು ನಡುವೆ ಇನ್ನೊಂದನ್ನು ಸೇರಿಸಿ ಮೂರು ಬರೆದರು. ಕಾಲ ನಮೂದಿಸದ ಹಸ್ತಪ್ರತಿಯ ಕಾಲವನ್ನು ಊಹಿಸಲು ಇಷ್ಟು ಸಣ್ಣ ವ್ಯತ್ಯಾಸವೂ ನೆರವಾಗುತ್ತದೆ.

ರಕ್ತದ ಕ್ಯಾನ್ಸರಿನಿಂದ ಟ್ರೌಬೆ 1907ರ ಮೇ ತಿಂಗಳಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಪವಿತ್ರ ನಾಮಗಳ ಪುಸ್ತಕ ಹೊರಬಂದದ್ದು ಅವರು ಹೋದ ಮೇಲೆ. ತರಗತಿಯ ಉಪನ್ಯಾಸಗಳನ್ನು ಪೌಲ್ ಲೇಮನ್ ಮೊದಲಾದ ಶಿಷ್ಯರೂ ಸ್ನೇಹಿತರೂ ಸೇರಿ ಮೂರು ಸಂಪುಟಗಳಲ್ಲಿ ತಂದರು. ಅಮೆರಿಕದಿಂದ ಬಂದು ಅವರ ಬಳಿ ಕಲಿತ ಇ. ಎ. ಲೋ, ಕ್ರಿ.ಶ. 800ಕ್ಕಿಂತ ಹಿಂದಿನ ಲ್ಯಾಟಿನ್ ಹಸ್ತಪ್ರತಿಗಳನ್ನು ಒಂದೊಂದಾಗಿ ವಿವರಿಸುವ ಮಹಾಸೂಚಿಯನ್ನು 1934ರಿಂದ ದಶಕಗಳ ಕಾಲ ಹೊರತಂದರು.