ಹಳೆ ಟೈರ್ ನೋಡದೆ ಹೊಸ ಟೈರಿನ ಹೆಸರು ಹೇಳಬೇಡಿ

ನಾನು ಟೈರ್ ಕೆಲಸದವನು. ಅದರಲ್ಲೂ ದುಬಾರಿ ಸ್ಪೋರ್ಟ್ಸ್ ಕಾರುಗಳೇ ಜಾಸ್ತಿ ಬರುವ ಕಡೆ ಕೆಲಸ. ಮಾಲೀಕರು ಬಂದು ಕೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಇದಕ್ಕೆ ಬೆಸ್ಟ್ ಟೈರ್ ಯಾವುದು ಹೇಳಿ, ಹಾಕಿಬಿಡೋಣ.’ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ತಕ್ಷಣ ಒಂದು ಹೆಸರು ಹೇಳಿಬಿಡುತ್ತಾರೆ. ಮಿಶೆಲಿನ್ ಪೈಲಟ್ ಸ್ಪೋರ್ಟ್ 4ಎಸ್, ಪಿರೆಲ್ಲಿ ಪಿ ಝೀರೋ, ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ 7, ಎಲ್ಲವೂ ಒಳ್ಳೆಯ ಟೈರುಗಳೇ. ಆದರೆ ಹೆಸರು ಹೇಳುವ ಮೊದಲು ಮಾಡುವ ಕೆಲಸ ಬೇರೆ ಇದೆ. ಕಾರನ್ನು ಲಿಫ್ಟಿಗೆ ಏರಿಸಿ ಹಳೆ ಟೈರ್ ನಾಲ್ಕನ್ನೂ ಸರಿಯಾಗಿ ನೋಡಬೇಕು. ಆ ಕಾರಿಗೆ ಏನು ಬೇಕು ಅನ್ನುವುದು ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತದೆ.

ಮೊದಲು ನೋಡಬೇಕಾದದ್ದು ಒಳಗಡೆಯ ಅಂಚು. ‘ಟೈರಿನ ಬಟನ್ (ಮೇಲಿನ ರಬ್ಬರ್ ಉಬ್ಬುಗಳು) ಇನ್ನೂ ಚೆನ್ನಾಗಿದೆ, ಹಿಂದಿನದ್ದು ಯಾಕೋ ಸದ್ದು ಮಾಡ್ತಿದೆ’ ಅಂತ ಹೇಳಿಕೊಂಡು ಬರುವವರ ಕಾರನ್ನು ಮೇಲೆತ್ತಿದಾಗ ಒಳ ಅಂಚಿನಲ್ಲಿ ರಬ್ಬರ್ ಪೂರ್ತಿ ಸವೆದು ಉಕ್ಕಿನ ತಂತಿ ಕಾಣಿಸುವುದನ್ನು ಬಹಳ ಸಲ ನೋಡಿದ್ದೇನೆ. ಹೊರಗಿನಿಂದ ನೋಡಿದವರಿಗೆ ಅದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅಗಲವಾದ ಟೈರು, ನೆಲಕ್ಕೆ ಹತ್ತಿರ ಇರುವ ಬಾಡಿ, ಬಗ್ಗಿ ಇಣುಕಿದರೂ ಒಳಭಾಗ ಕಣ್ಣಿಗೆ ಬೀಳುವುದಿಲ್ಲ. ಗಂಟೆಗೆ ನೂರಕ್ಕಿಂತ ಜಾಸ್ತಿ ವೇಗದಲ್ಲಿ ಇಂಥ ಟೈರ್ ಒಡೆದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಯಾಕೆ ಆಗುತ್ತದೆ? ಸ್ಪೋರ್ಟ್ಸ್ ಕಾರಿನ ಚಕ್ರವನ್ನು ಹಿಂದಿನಿಂದ ನೋಡಿದರೆ ಅದರ ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲಿರುತ್ತದೆ. ಇದನ್ನೇ ನೆಗೆಟಿವ್ ಕ್ಯಾಂಬರ್ ಅನ್ನುವುದು. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಟೈರು ನೆಲಕ್ಕೆ ಪೂರ್ತಿ ಕೂರಲಿ ಅಂತ ಬೇಕೆಂದೇ ಹಾಗೆ ಮಾಡಿರುತ್ತಾರೆ. ನೇರ ರಸ್ತೆಯಲ್ಲಿ ಮಾತ್ರ ಭಾರ ಒಳ ಅಂಚಿನ ಮೇಲೆ ಬೀಳುತ್ತದೆ. ಬರೀ ಕ್ಯಾಂಬರ್‌ನಿಂದ ಸವೆತ ನಿಧಾನ. ನಿಜವಾಗಿ ಟೈರ್ ತಿನ್ನುವುದು ಟೋ. ಅಂದರೆ ಎರಡು ಚಕ್ರಗಳು ಒಂದಕ್ಕೊಂದು ಸ್ವಲ್ಪ ಒಳಮುಖ ಅಥವಾ ಹೊರಮುಖ ಆಗಿರುವ ಅಳತೆ. ಇದು ಸ್ವಲ್ಪ ತಪ್ಪಿದರೂ ಟೈರು ಉರುಳುವುದರ ಜೊತೆ ಪಕ್ಕಕ್ಕೂ ಉಜ್ಜುತ್ತಾ ಹೋಗುತ್ತದೆ. ಕ್ಯಾಂಬರ್ ಜಾಸ್ತಿ ಇದ್ದು ಟೋ ಕೂಡ ತಪ್ಪಿದರೆ ಒಳ ಅಂಚಿನ ಕಥೆ ಮುಗಿದಂತೆ. ಟೈರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಸವರಿ ನೋಡಿ. ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಟೋ ತಪ್ಪಿದೆ ಅಂತ ಅನುಮಾನ ಪಡಬೇಕು. ಇಂಥ ಕಾರಿಗೆ ಎಷ್ಟೇ ಒಳ್ಳೆಯ ಟೈರ್ ಹಾಕಿದರೂ ಅಲೈನ್‌ಮೆಂಟ್ ಮಾಡಿಸದಿದ್ದರೆ ಅದೇ ಗತಿ. ಹಾಗಾಗಿ ನಾನು ಅಲೈನ್‌ಮೆಂಟನ್ನು ಬೇಕಿದ್ದರೆ ಮಾಡಿಸಿ ಅಂತ ಹೇಳುವುದಿಲ್ಲ. ಟೈರ್ ಬದಲಿಸುವ ಕೆಲಸದ ಒಂದು ಭಾಗ ಅದು ಅಂತಲೇ ಹೇಳುತ್ತೇನೆ.

ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಮುಂದಿನ ಟೈರಿನ ಹೊರ ಭುಜ, ಅಂದರೆ ಹೊರ ಅಂಚು, ಸುಟ್ಟ ಹಾಗೆ ಒರಟಾಗಿ, ಉಂಡೆ ಉಂಡೆ ರಬ್ಬರ್ ಅಂಟಿಕೊಂಡಿದ್ದರೆ ಆ ಕಾರು ಟ್ರ್ಯಾಕಿಗೆ ಹೋಗಿದೆ, ಅಥವಾ ಮಾಲೀಕರು ತಿರುವಿನಲ್ಲಿ ಬಿಡುವವರಲ್ಲ.

ಈ ಕೊನೆಯದು ಟೈರ್ ಆಯ್ಕೆಗೆ ತುಂಬಾ ಮುಖ್ಯ. ಜನ ತಮ್ಮ ಓಡಾಟದ ಬಗ್ಗೆ ಹೇಳುವುದಕ್ಕೂ ಟೈರು ತೋರಿಸುವುದಕ್ಕೂ ವ್ಯತ್ಯಾಸ ಇರುತ್ತದೆ. ಒಬ್ಬರು ಬಂದು ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಬೇಕೇ ಬೇಕು ಅಂತ ಹಠ ಹಿಡಿದರು. ಅದು ಟ್ರ್ಯಾಕಿಗೂ ರಸ್ತೆಗೂ ಸೇರಿ ಮಾಡಿದ ಟೈರು, ಒಣ ರಸ್ತೆಯಲ್ಲಿ ಬಿಸಿಯಾದ ಮೇಲೆ ಅದರ ಹಿಡಿತಕ್ಕೆ ಸಾಟಿ ಕಡಿಮೆ. ಆದರೆ ಅವರ ಹಳೆ ಟೈರಿನ ಭುಜಗಳು ಹೊಸದರ ಹಾಗೇ ಇದ್ದವು, ಸವೆತ ಎಲ್ಲ ಒಂದೇ ಸಮ. ಮಾತಾಡಿಸಿದಾಗ ಗೊತ್ತಾಯಿತು, ದಿನಾ ಆಫೀಸಿಗೆ ಅದೇ ಕಾರು, ಮಳೆ ಬಂದರೂ ಅದೇ ಕಾರು. ಕಪ್ 2ರಲ್ಲಿ ನೀರು ಹೊರಹಾಕುವ ಸೀಳುಗಳು ಕಡಿಮೆ, ಆಳವೂ ಕಡಿಮೆ. ತಣ್ಣಗಿರುವಾಗ ಹಿಡಿತ ಬರುವುದಕ್ಕೆ ಸಮಯ ಬೇಕು. ಆಫೀಸಿನ ದಾರಿಯಲ್ಲಿ ಅದು ಸರಿಯಾಗಿ ಬಿಸಿಯೂ ಆಗುವುದಿಲ್ಲ. ಸೈಡ್‌ವಾಲ್ ಮೇಲಿನ ಟ್ರೆಡ್‌ವೇರ್ ಅಂಕಿ (ಜಾಸ್ತಿ ಇದ್ದಷ್ಟೂ ಸವೆತ ನಿಧಾನ) ತೋರಿಸಿದೆ: ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಕಪ್ 2ಗೆ 180. ಈ ಅಂಕಿಯನ್ನು ಕಂಪನಿಯೇ ಕೊಡುವುದು, ಆದ್ದರಿಂದ ಬೇರೆ ಬೇರೆ ಕಂಪನಿಗಳನ್ನು ಇದರಿಂದ ಅಳೆಯುವುದು ಅಷ್ಟು ಸರಿಯಲ್ಲ. ಒಂದೇ ಕಂಪನಿಯ ಎರಡು ಟೈರುಗಳ ನಡುವೆ ಮಾತ್ರ ಒಳ್ಳೆಯ ಅಂದಾಜು ಸಿಗುತ್ತದೆ. ಅವರು 4ಎಸ್ ಹಾಕಿಸಿಕೊಂಡು ಹೋದರು. ಜಾಸ್ತಿ ಬೆಲೆಯ ಟೈರು ಮಾರುವ ಅವಕಾಶ ಕೈಬಿಟ್ಟೆ ಅಂತ ನನಗೆ ಬೇಜಾರಾಗಲಿಲ್ಲ. ಮಳೆಯಲ್ಲಿ ಅವರು ಬ್ರೇಕ್ ಒತ್ತಿದಾಗ ಕಾರು ನಿಲ್ಲಬೇಕು, ಅಷ್ಟೇ.

ಮಳೆಯ ಮಾತು ಬಂದಿದ್ದರಿಂದ ಇನ್ನೊಂದು. ಟೈರ್ ಅಗಲವಾದಷ್ಟೂ ನೀರಿನ ಮೇಲೆ ತೇಲುವ ಅಪಾಯ ಜಾಸ್ತಿ, ಯಾಕೆಂದರೆ ಪಕ್ಕಕ್ಕೆ ತಳ್ಳಬೇಕಾದ ನೀರು ಜಾಸ್ತಿ. ಟೈರಿನ ಸೀಳುಗಳಿಗೆ ಕಾನೂನಿನ ಕನಿಷ್ಠ ಆಳ ಬಹಳಷ್ಟು ದೇಶಗಳಲ್ಲಿ 1.6 ಮಿಲಿಮೀಟರ್. 305 ಮಿಲಿಮೀಟರ್ ಅಗಲದ ಹಿಂದಿನ ಟೈರಿಗೆ ಆ ಅಳತೆ ನನಗೆ ಒಪ್ಪಿಗೆ ಇಲ್ಲ. 3 ಮಿಲಿಮೀಟರಿಗೆ ಬಂದರೆ ಬದಲಿಸಿ ಅಂತಲೇ ಹೇಳುತ್ತೇನೆ. ಹಾಗೇ ಬೇಸಿಗೆ ಟೈರುಗಳ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಚಳಿ ಜಾಸ್ತಿ ಇರುವ ಕಡೆ ಓಡಿಸುವವರಿಗೆ ಚಳಿಗಾಲದ ಟೈರಿನ ಇನ್ನೊಂದು ಸೆಟ್ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಈಗ ಗುರುತುಗಳ ವಿಷಯ. ಇಲ್ಲೇ ಜಾಸ್ತಿ ಗೊಂದಲ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಸೈಜ್. ಆದರೂ ಒಂದು ಟೈರಿನ ಮೇಲೆ ಎನ್0 ಇರುತ್ತದೆ, ಇನ್ನೊಂದರ ಮೇಲೆ ಇರುವುದಿಲ್ಲ. ಎನ್ ಅಂದರೆ ಪೋರ್ಷೆ ಒಪ್ಪಿದ್ದು. ನಕ್ಷತ್ರದ ಗುರುತು ಬಿಎಂಡಬ್ಲ್ಯೂದು, ಎಂಒ ಮರ್ಸಿಡೀಸ್‌ದು, ಎಒ ಆಡಿದು, ಕೆ1 ಫೆರಾರಿದು, ಎಂಸಿ ಮೆಕ್ಲಾರೆನ್‌ದು. ಇದು ಸುಮ್ನೆ ಅಚ್ಚು ಹಾಕಿದ ಹೆಸರಲ್ಲ. ಕಾರು ಕಂಪನಿಯ ಎಂಜಿನಿಯರುಗಳು ಟೈರ್ ಕಂಪನಿಯ ಜೊತೆ ಕೂತು ಆ ಕಾರಿನ ಭಾರ, ಸಸ್ಪೆನ್ಷನ್, ಸ್ಟೀರಿಂಗ್ ನೋಡಿಕೊಂಡು ರಬ್ಬರಿನ ಮಿಶ್ರಣವನ್ನೋ ಒಳಗಿನ ಕಟ್ಟನ್ನೋ ಬದಲಿಸಿರುತ್ತಾರೆ. ಹಾಗಾಗಿ ಹೆಸರು ಒಂದೇ ಆದರೂ ಒಳಗೆ ಬೇರೆಯೇ ಟೈರು.

ಗುರುತಿನದ್ದೇ ಹಾಕಲೇಬೇಕಾ? ನನ್ನ ಅಭಿಪ್ರಾಯ ಇಷ್ಟು. ಸಿಕ್ಕರೆ ಅದನ್ನೇ ಹಾಕಿ, ಅದರಲ್ಲೂ ಕಾರು ವಾರಂಟಿಯಲ್ಲಿದ್ದರೆ ಬೇರೆ ಯೋಚನೆ ಬೇಡ. ಸಿಗದಿದ್ದರೆ, ಅಥವಾ ಹಳೆಯ ಕಾರಾಗಿ ಗುರುತಿನ ಟೈರು ಹಳೆ ತಲೆಮಾರಿನದ್ದಾಗಿದ್ದರೆ, ಭಾರ ಮತ್ತು ವೇಗದ ಅಂಕಿ ಸರಿಹೋಗುವ ಒಳ್ಳೆಯ ಟೈರನ್ನು ನಾಲ್ಕಕ್ಕೆ ನಾಲ್ಕೂ ಒಂದೇ ಥರ ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಮಾಡಬಾರದ್ದು ಬೆರಕೆ. ಮುಂದೆ ಎನ್0, ಹಿಂದೆ ಗುರುತಿಲ್ಲದ್ದು, ಅಥವಾ ಎಡಕ್ಕೆ ಒಂದು ಕಂಪನಿ ಬಲಕ್ಕೆ ಇನ್ನೊಂದು. ಎನ್0 ಮತ್ತು ಎನ್1 ಕೂಡ ಬೆರೆಸಬಾರದು, ಎನ್1 ಅಂದರೆ ಅದೇ ಟೈರಿನ ಮುಂದಿನ ತಿದ್ದುಪಡಿ. ಸ್ಟೀರಿಂಗ್ ತಿರುಗಿಸಿದಾಗ ಮುಂದಿನದ್ದು ಒಂದು ರೀತಿ, ಹಿಂದಿನದ್ದು ಇನ್ನೊಂದು ರೀತಿ ಬಾಗಿದರೆ, ಆ ಕಾರನ್ನು ಅಷ್ಟು ಕಾಳಜಿಯಿಂದ ಟ್ಯೂನ್ ಮಾಡಿದ್ದಕ್ಕೆ ಏನು ಅರ್ಥ ಉಳಿಯಿತು?

ಭಾರ ಮತ್ತು ವೇಗದ ಅಂಕಿಗೆ ಬರೋಣ. ಸೈಜಿನ ನಂತರ 91 ಅಂತ ಇದ್ದರೆ ಆ ಟೈರು 615 ಕೆಜಿ ಹೊರುತ್ತದೆ, 103 ಇದ್ದರೆ 875 ಕೆಜಿ. ಅಕ್ಷರದಲ್ಲಿ ಡಬ್ಲ್ಯೂ ಅಂದರೆ ಗಂಟೆಗೆ 270 ಕಿಮೀ, ವೈ ಅಂದರೆ 300, ಅಂಕಿ ಮತ್ತು ವೈ ಎರಡೂ ಆವರಣದೊಳಗಿದ್ದರೆ 300ಕ್ಕೂ ಮೇಲೆ. ‘ನಾನು 300ರಲ್ಲಿ ಎಲ್ಲಿ ಓಡಿಸ್ತೀನಿ, ಕಡಿಮೆಯದ್ದು ಹಾಕಿ’ ಅನ್ನುವವರು ಇದ್ದಾರೆ. ಒಪ್ಪಬೇಡಿ. ಆ ಅಕ್ಷರ ಬರೀ ಗರಿಷ್ಠ ವೇಗದ ಮಾತಲ್ಲ, ಬಿಸಿ ತಡೆಯುವ ಶಕ್ತಿಯ ಮಾತೂ ಹೌದು. ಗಾಳಿ ಸ್ವಲ್ಪ ಕಡಿಮೆ ಇದ್ದು, ಬಿಸಿಲಿದ್ದು, ಇಬ್ಬರು ಕೂತು ಲಗೇಜು ತುಂಬಿ ಹೆದ್ದಾರಿಯಲ್ಲಿ ಹೊರಟಾಗ ಕೆಲಸಕ್ಕೆ ಬರುವುದು ಇದೇ ಅಂತರ. ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರುಗಳಲ್ಲಿ ಭಾರದ ಅಂಕಿ ಇನ್ನೂ ಗಂಭೀರ. ಪೋರ್ಷೆ ಟೈಕಾನ್‌ನ ಹಲವು ಮಾದರಿಗಳು 2 ಟನ್ ದಾಟುತ್ತವೆ. ಇಂಥ ಭಾರದ ಕಾರುಗಳಿಗೇ ಅಂತ 2021ರಿಂದ ಸೈಜಿಗೆ ಮೊದಲು ಎಚ್‌ಎಲ್ ಅಂತ ಬರೆದ ಟೈರುಗಳೂ ಬಂದಿವೆ. ಹಳೆ ಟೈರಿನ ಮೇಲೆ ಎಚ್‌ಎಲ್ ಇದ್ದರೆ ಹೊಸದರ ಮೇಲೂ ಇರಲೇಬೇಕು.

ಹಿಂದಿನ ಎರಡು ಮಾತ್ರ ಬದಲಿಸಿದರೆ ಸಾಕಾ ಅನ್ನುವುದು ದಿನಾ ಕೇಳುವ ಪ್ರಶ್ನೆ. ಪೋರ್ಷೆ 911ರ 992 ತಲೆಮಾರಿನ ಕರೆರಾ ಎಸ್ ತಗೊಳ್ಳಿ. ಮುಂದೆ 245/35 ಝಡ್‌ಆರ್ 20, ಹಿಂದೆ 305/30 ಝಡ್‌ಆರ್ 21. ಸೈಜೇ ಬೇರೆ, ಮುಂದಿನದ್ದನ್ನು ಹಿಂದಕ್ಕೆ ಹಾಕಿ ಸವೆತ ಹಂಚುವ ದಾರಿ ಇಲ್ಲ. ಹಿಂದಿನದ್ದು ಬೇಗ ಮುಗಿಯುತ್ತದೆ. ಹಿಂದಿನ ಚಕ್ರಕ್ಕಷ್ಟೇ ಶಕ್ತಿ ಹೋಗುವ ಕಾರಾದರೆ, ಮುಂದಿನದ್ದರಲ್ಲಿ ಇನ್ನೂ ಒಳ್ಳೆಯ ಆಳ ಇದ್ದರೆ, ಅದೇ ಮಾದರಿಯ ಎರಡು ಹಾಕಬಹುದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಲೆಕ್ಕ ಮಾಡಿ. 305/30 ಝಡ್‌ಆರ್ 21ರ ವ್ಯಾಸ ಸುಮಾರು 716 ಮಿಲಿಮೀಟರ್. 4 ಮಿಲಿಮೀಟರ್ ಸವೆದರೆ ವ್ಯಾಸದಲ್ಲಿ 8 ಮಿಲಿಮೀಟರ್ ಹೋಯಿತು, ಅಂದರೆ ಶೇಕಡ 1ಕ್ಕಿಂತ ಸ್ವಲ್ಪ ಜಾಸ್ತಿ. ಕೇಳುವುದಕ್ಕೆ ಚಿಕ್ಕದು. ಆದರೆ ಮುಂದೆ ಹಿಂದೆ ಸುತ್ತುವ ವೇಗದ ಲೆಕ್ಕ ತಪ್ಪಿದಾಗ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ನಡುವಿನ ಕ್ಲಚ್ ನೇರ ರಸ್ತೆಯಲ್ಲೂ ಜಾರುತ್ತಾ ಬಿಸಿಯಾಗುತ್ತಾ ಇರುತ್ತದೆ. ಕಾರಿನ ಪುಸ್ತಕದಲ್ಲಿ ಎಷ್ಟು ವ್ಯತ್ಯಾಸ ಆಗಬಹುದು ಅಂತ ಬರೆದಿದ್ದರೆ ಅದನ್ನು ಮೀರಬೇಡಿ. ಎರಡು ಟೈರಿನ ದುಡ್ಡು ಉಳಿಸಲು ಹೋಗಿ ಶಕ್ತಿ ಹಂಚುವ ಆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸುವುದು ಯಾರಿಗೂ ಬೇಡ.

ವಯಸ್ಸು ನೋಡುವುದನ್ನು ಮರೆಯುವವರು ಮಾಲೀಕರಷ್ಟೇ ಅಲ್ಲ, ಕೆಲಸದವರೂ ಇದ್ದಾರೆ. ಈ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಬಟನ್ ಪೂರ್ತಿ ಇರುತ್ತದೆ, ರಬ್ಬರ್ ಒಳಗೇ ಒಣಗಿ ಗಟ್ಟಿಯಾಗಿರುತ್ತದೆ. ಸೈಡ್‌ವಾಲ್ ಮೇಲೆ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ. 2013ರ ನವೆಂಬರ್‌ನಲ್ಲಿ ನಟ ಪಾಲ್ ವಾಕರ್ ಮತ್ತು ಕಾರು ಓಡಿಸುತ್ತಿದ್ದ ರೋಜರ್ ರೋಡಾಸ್ ಪೋರ್ಷೆ ಕರೆರಾ ಜಿಟಿಯಲ್ಲಿ ತೀರಿಕೊಂಡರು. ಕಾರಣ ಅತಿ ವೇಗ ಅಂತ ತನಿಖೆ ಹೇಳಿತು. ಅದೇ ತನಿಖೆ ಟೈರುಗಳಿಗೆ ಸುಮಾರು 9 ವರ್ಷ ಆಗಿತ್ತು, ಕಾರಿನ ಹಿಡಿತಕ್ಕೆ ಅದರಿಂದ ತೊಂದರೆ ಆಗಿರಬಹುದು ಅಂತಲೂ ಹೇಳಿತು. ಟೈರು ಸವೆದಿಲ್ಲ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಹೆದರಿಸುವುದಕ್ಕಲ್ಲ, ನಿಜವಾಗಿ ಕಾಳಜಿಯಿಂದ. 6 ವರ್ಷ ದಾಟಿದ ಟೈರನ್ನು ಇಂಥ ಕಾರಿನಲ್ಲಿ ಇಟ್ಟುಕೊಳ್ಳುವುದು ಬೇಡ. ಹೊಸದಾಗಿ ಕೊಳ್ಳುವ ಟೈರಿನ ತಾರೀಕನ್ನೂ ನೋಡಿ, ನಾಲ್ಕರದ್ದೂ. ಅಪರೂಪದ ಸೈಜುಗಳು ಗೋಡೌನಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ.

ಕೂರಿಸುವ ಕೆಲಸದ ಬಗ್ಗೆ ಬೇಗ ಹೇಳುತ್ತೇನೆ. ಕೆಲವು ಟೈರಿನೊಳಗೆ ಸದ್ದು ತಗ್ಗಿಸುವ ಫೋಮ್ ಅಂಟಿಸಿರುತ್ತಾರೆ, ಬಿಚ್ಚುವಾಗ ಹರಿಯದಂತೆ ನೋಡಿಕೊಳ್ಳಿ. ಗಾಳಿ ಅಳೆಯುವ ಸೆನ್ಸರ್ ಹಳೆಯದಾಗಿದ್ದರೆ ಟೈರ್ ಬಿಚ್ಚಿದಾಗಲೇ ಬದಲಿಸುವುದು ಒಳ್ಳೆಯದು. ಹೊರಗೆ ಒಳಗೆ ಅಂತ ಬರೆದಿರುವ ಟೈರನ್ನು ತಿರುವುಮುರುವು ಹಾಕಬೇಡಿ. ಒಂದೇ ನಟ್ಟಿನ ಸೆಂಟರ್ ಲಾಕ್ ಚಕ್ರಗಳಿಗೆ ಟಾರ್ಕ್, ಅಂದರೆ ನಟ್ಟು ಬಿಗಿ ಮಾಡುವ ಬಲ, ಬಹಳ ದೊಡ್ಡದು. ಪೋರ್ಷೆ 911ರ 991 ತಲೆಮಾರಿನ ಜಿಟಿ3ಗೆ 600 ನ್ಯೂಟನ್ ಮೀಟರ್. ಸರಿಯಾದ ಉಪಕರಣ ಇಲ್ಲದ ಕಡೆ ಅದನ್ನು ಮುಟ್ಟಿಸಲೇಬೇಡಿ.

ಕಾರು ಹೊರಗೆ ಹೋಗುವಾಗ ನಾನು ಮಾಲೀಕರ ಹತ್ತಿರ ಹೋಗಿ ಹೇಳುವುದು ಎರಡು. ಹೊಸ ಟೈರಿನ ಮೇಲ್ಮೈ ಮೊದಲು ನಯವಾಗಿರುತ್ತದೆ, ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನಕ್ಕೆ ಓಡಿಸಿ, ಜೋರಾಗಿ ಬ್ರೇಕ್ ಹೊಡೆಯಬೇಡಿ. ಇನ್ನೊಂದು, ಗಾಳಿಯನ್ನು ಟೈರು ತಣ್ಣಗಿದ್ದಾಗಲೇ ನೋಡಿ, ಮತ್ತು ಮುಂದಿನ ಸರ್ವಿಸಿಗೆ ಕಾರು ಲಿಫ್ಟಿನ ಮೇಲಿದ್ದಾಗ ಒಳ ಅಂಚಿನ ಒಂದು ಫೋಟೋ ತೆಗೆದುಕೊಡಿ ಅಂತ ಅಲ್ಲಿಯವರನ್ನು ಕೇಳಿ.