ಏಲ್ ಕುಡಿಯಬೇಕೆಂದರೆ ಅದು ಹುಟ್ಟುವ ಊರಿಗೇ ಹೋಗಿ: ಇಂಗ್ಲೆಂಡಿನ ಮೂರು ಬ್ರೂವರಿಗಳ ಸುತ್ತ

ಲಂಡನ್ನಿಗೆ ಹೋದವರು ಸ್ಟೇಷನ್ ಪಕ್ಕದ ಯಾವುದೋ ಪಬ್‌ನಲ್ಲಿ ಒಂದು ಪೈಂಟ್ (ದೊಡ್ಡ ಗ್ಲಾಸ್) ಏಲ್, ಅಂದರೆ ಅಲ್ಲಿನ ಸಾಂಪ್ರದಾಯಿಕ ಬಿಯರ್ ಕುಡಿದು, "ಇದೇನ್ರೀ, ತಣ್ಣಗೇ ಇಲ್ಲ, ಗ್ಯಾಸೂ ಇಲ್ಲ" ಎಂದು ಅಲ್ಲಿಗೇ ಕೈಬಿಡುವುದನ್ನು ನೋಡಿದ್ದೇನೆ. ಇಂಗ್ಲೆಂಡ್ ಪ್ರವಾಸದ ಯೋಜನೆ ಹಾಕುತ್ತಿದ್ದರೆ ಎರಡು ಮೂರು ದಿನ ಎತ್ತಿಟ್ಟುಕೊಳ್ಳಿ. ಏಲ್ ತಯಾರಾಗುವ ಊರಿಗೇ ಹೋಗಿ, ಅದನ್ನು ತಯಾರಿಸುವ ಬ್ರೂವರಿ ನೋಡಿ, ಅದರ ಪಕ್ಕದ ಪಬ್‌ನಲ್ಲೇ ಕುಳಿತು ಕುಡಿಯಿರಿ.

ಕಾಸ್ಕ್ ಏಲ್ ಎಂದರೆ ಪೀಪಾಯಿಗೆ ತುಂಬಿದ ಮೇಲೂ ಯೀಸ್ಟ್ ಜೀವಂತವಾಗಿರುವ ಬಿಯರ್. ಪೀಪಾಯಿಯೊಳಗೇ ಅದು ಎರಡನೇ ಸಲ ಹುದುಗುತ್ತದೆ, ಪಬ್‌ನ ನೆಲಮಾಳಿಗೆಯಲ್ಲಿ ತಿಳಿಯಾಗುತ್ತದೆ. ಹೊರಗಿನಿಂದ ಗ್ಯಾಸ್ ತುಂಬದೆ, 11ರಿಂದ 13 ಡಿಗ್ರಿ ತಂಪಿನಲ್ಲಿ ಹ್ಯಾಂಡ್ ಪಂಪ್ ಎಳೆದು ಕೊಡುತ್ತಾರೆ. ಪೀಪಾಯಿ ತೆರೆದ ಮೇಲೆ ಒಳಗೆ ಗಾಳಿ ಸೇರುವುದರಿಂದ ಮೂರು ದಿನದಲ್ಲಿ ಖಾಲಿಯಾದರೆ ಒಳ್ಳೆಯದು. ನಮ್ಮ ಶೇಂದಿಯಂತೆ ಇದನ್ನೂ ಇಳಿಸಿದ ಜಾಗದ ಹತ್ತಿರವೇ, ಹೊತ್ತು ಮೀರುವ ಮೊದಲೇ ಕುಡಿಯಬೇಕು. ದೊಡ್ಡ ಕಂಪನಿಗಳು ಈ ಪದ್ಧತಿ ಬಿಟ್ಟು ಗ್ಯಾಸ್ ತುಂಬಿದ ಕೆಗ್ ಬಿಯರಿನ ಕಡೆ ಹೊರಟಾಗ, ಕುಡಿಯುವ ಜನರೇ ಒಟ್ಟಾಗಿ 1971ರಲ್ಲಿ ಕ್ಯಾಮ್ರಾ ಎಂಬ ಸಂಘಟನೆ ಕಟ್ಟಿದರು. ಇಂದು ಊರೂರಿನಲ್ಲಿ ಹ್ಯಾಂಡ್ ಪಂಪ್ ಉಳಿದಿರುವುದರಲ್ಲಿ ಅವರ ಪಾಲು ದೊಡ್ಡದು.

ಸುಲಭದ್ದರಿಂದ ಶುರುಮಾಡುವುದಾದರೆ ಲೂಯಿಸ್ ಎಂಬ ಊರು. ಲಂಡನ್ ವಿಕ್ಟೋರಿಯಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ಊಸ್ ನದಿಯ ದಂಡೆಯಲ್ಲೇ ಹಾರ್ವೀಸ್ ಬ್ರೂವರಿ ಇದೆ. ಕಂಪನಿ ಶುರುವಾದದ್ದು 1790ರಲ್ಲಿ; ಗೋಪುರದಂಥ ಕಟ್ಟಡ 1880ರ ದಶಕದ್ದು. 1957ರಲ್ಲಿ ಯಾರ್ಕ್‌ಶೈರಿನ ಟ್ಯಾಡ್‌ಕಾಸ್ಟರಿನಿಂದ ತಂದ ಯೀಸ್ಟಿನ ಸಂತತಿಯನ್ನೇ ಇವತ್ತಿಗೂ ಬೆಳೆಸಿಕೊಂಡು ಬಂದಿದ್ದಾರೆ. ಇಲ್ಲಿನ ಟೂರ್‌ಗೆ ಬೇಡಿಕೆ ಬಹಳ, ವಿಮಾನದ ಟಿಕೆಟ್ ಜೊತೆಗೇ ಇದನ್ನೂ ವಿಚಾರಿಸಿ. ಟೂರ್ ಸಿಗದಿದ್ದರೂ ಹೋಗಿಬನ್ನಿ. ಬ್ರೂವರಿಯ ಎದುರಿನ ಪಬ್‌ನಲ್ಲಿ ಹಾರ್ವೀಸ್‌ನವರ ಸಸೆಕ್ಸ್ ಬೆಸ್ಟ್ ಎಂಬ ಏಲ್ ಸಿಗುತ್ತದೆ. ಶೇಕಡಾ 4ರಷ್ಟೇ ಆಲ್ಕೋಹಾಲ್. ಮೊದಲು ಮಾಲ್ಟಿನ (ಮೊಳಕೆ ಬಾರ್ಲಿಯ) ಸಿಹಿ, ಹಿಂದೆಯೇ ಒಣ ಕಹಿ. ಸ್ಟ್ರಾಂಗ್ ಬಿಯರಿನ ಅಭ್ಯಾಸವಿರುವ ನಮ್ಮವರಿಗೆ ಮೊದಲ ಗುಟುಕು ಸಪ್ಪೆ ಎನಿಸಬಹುದು. ಅರ್ಧ ಗ್ಲಾಸ್ ಮುಗಿಯುವವರೆಗೆ ತಾಳ್ಮೆಯಿಂದಿರಿ.

ಬ್ರೂವರಿ ಒಳಗೆ ಏನು ನಡೆಯುತ್ತದೆ ಎಂದು ನೋಡುವ ಆಸೆ ಇದ್ದವರು ಆಕ್ಸ್‌ಫರ್ಡ್‌ಶೈರಿನ ಹುಕ್ ನಾರ್ಟನ್ನಿಗೆ ಹೋಗಲೇಬೇಕು. ಲಂಡನ್ ಮೆರಿಲಬೋನ್‌ನಿಂದ ಬ್ಯಾನ್‌ಬರಿಗೆ ರೈಲು, ಅಲ್ಲಿಂದ ಚಿಪ್ಪಿಂಗ್ ನಾರ್ಟನ್ ಕಡೆಯ ಬಸ್ಸು. ಇಳಿದ ತಕ್ಷಣ ವಾಪಸ್ ಬಸ್ಸಿನ ಹೊತ್ತು ನೋಡಿಟ್ಟುಕೊಳ್ಳಿ. 1849ರಲ್ಲಿ ಹುಟ್ಟಿದ ಈ ಬ್ರೂವರಿಯ ಈಗಿನ ಗೋಪುರ ಕಟ್ಟಡ ಎದ್ದದ್ದು 1900ರ ಹೊತ್ತಿಗೆ. ಗೋಪುರ ಯಾಕೆ ಎಂಬುದು ಒಳಗೆ ಹತ್ತಿದರೆ ತಾನಾಗಿ ಅರ್ಥವಾಗುತ್ತದೆ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಮೇಲಂತಸ್ತಿಗೆ ಏರಿಸುತ್ತಾರೆ. ಅದು ಪುಡಿಯಾಗಿ, ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ನೆನೆದು, ಸಿಹಿ ರಸವಾಗಿ, ಕಹಿ ಕೊಡುವ ಹಾಪ್ಸ್ ಹೂಗಳ ಜೊತೆ ಕುದಿದು, ತಣಿದು, ಯೀಸ್ಟ್ ಸೇರಿ, ಒಂದೊಂದೇ ಮಹಡಿ ಇಳಿಯುತ್ತ ಕೊನೆಗೆ ಪೀಪಾಯಿ ಸೇರುತ್ತದೆ. ಕೆಳಗಿಳಿಸುವ ಕೆಲಸವನ್ನೆಲ್ಲ ಗುರುತ್ವಾಕರ್ಷಣೆಯೇ ಮಾಡಲಿ ಎಂಬ ಲೆಕ್ಕಾಚಾರ. 1899ರ ಉಗಿಯಂತ್ರವನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ಅದನ್ನು ಓಡಿಸುವ ದಿನ ಯಾವುದೆಂದು ಬುಕಿಂಗ್ ಮಾಡುವಾಗ ಕೇಳಿ. ಶೈರ್ ತಳಿಯ ದೈತ್ಯ ಕುದುರೆಗಳೂ ಇಲ್ಲಿವೆ. ಹತ್ತಿರದ ಪಬ್‌ಗಳಿಗೆ ಅವು ಪೀಪಾಯಿ ಎಳೆಯುವ ವಾಡಿಕೆ ಉಂಟು. ಏಣಿಯಂಥ ಕಡಿದಾದ ಮೆಟ್ಟಿಲು, ಒದ್ದೆ ನೆಲ, ಹಾಗಾಗಿ ಚಪ್ಪಲಿ ಬೇಡ, ಶೂ ಹಾಕಿ. ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ಮೊದಲೇ ತಿಳಿಸಿ.

ನನಗೆ ಎಲ್ಲಕ್ಕಿಂತ ಹಿಡಿಸಿದ ಊರು ಉತ್ತರ ಯಾರ್ಕ್‌ಶೈರಿನ ಮ್ಯಾಸಮ್. ಅಲ್ಲಿಗೆ ರೈಲಿಲ್ಲ. ಲೀಡ್ಸಿನಿಂದ ಹ್ಯಾರೊಗೇಟ್ ಮೇಲೆ ರಿಪನ್ನಿಗೆ 36ನೇ ನಂಬರಿನ ಬಸ್ಸು, ರಿಪನ್‌ನಿಂದ ಇನ್ನೊಂದು. ಎರಡನೆಯದು ಅಪರೂಪವಾದ್ದರಿಂದ ರಾತ್ರಿ ಅಲ್ಲೇ ತಂಗುವುದು ಜಾಣತನ. ದೊಡ್ಡ ಸಂತೆ ಮೈದಾನದ ಸುತ್ತ ಕಟ್ಟಿದ ಪುಟ್ಟ ಊರಿನಲ್ಲಿ ಒಂದೇ ಮನೆತನದಿಂದ ಹುಟ್ಟಿದ ಎರಡು ಬಿಯರುಗಳ ಕಥೆ ಇದೆ. ಥೀಕ್‌ಸ್ಟನ್ ಬ್ರೂವರಿ 1827ರದ್ದು. 1980ರ ದಶಕದಲ್ಲಿ ಅದು ಮನೆತನದ ಕೈತಪ್ಪಿತು. ಮನೆಯವರಲ್ಲೊಬ್ಬರಾದ ಪಾಲ್ ಥೀಕ್‌ಸ್ಟನ್ ಊರು ಬಿಡದೆ, ಅಲ್ಲೇ 1992ರಲ್ಲಿ ಬ್ಲ್ಯಾಕ್ ಶೀಪ್ ಎಂಬ ಹೊಸ ಬ್ರೂವರಿ ಶುರುಮಾಡಿದರು. 2003ರಲ್ಲಿ ಹಳೆಯ ಬ್ರೂವರಿಯೂ ಮನೆತನಕ್ಕೆ ಮರಳಿತು. ಬ್ಲ್ಯಾಕ್ ಶೀಪ್ 2023ರಲ್ಲಿ ಕೈಬದಲಾಗಿದೆ, ಹಾಗಾಗಿ ಅಲ್ಲಿ ಏನೇನು ನೋಡಬಹುದು ಎಂದು ಹೊರಡುವ ಮೊದಲೇ ವಿಚಾರಿಸಿ. ಥೀಕ್‌ಸ್ಟನ್‌ನವರ ಓಲ್ಡ್ ಪೆಕ್ಯೂಲಿಯರ್ ಶೇಕಡಾ 5.6ರ ಕಡುಗೆಂಪು ಏಲ್. ಒಣದ್ರಾಕ್ಷಿಯ ವಾಸನೆ, ತುಂಬು ಮೈಕಟ್ಟು. ಚಳಿಯ ಸಂಜೆ ಅದನ್ನು ಅರ್ಧ ಪೈಂಟ್ ಹಿಡಿದು ಕುಳಿತರೆ ಏಳಲು ಮನಸ್ಸಾಗುವುದಿಲ್ಲ. ಉತ್ತರದಲ್ಲಿ ಪಂಪಿನ ಮೂತಿಗೆ ಸಣ್ಣ ತೂತುಗಳ ಬಿಲ್ಲೆ ಸಿಕ್ಕಿಸುವುದರಿಂದ ದಪ್ಪ ಕೆನೆನೊರೆ ಬರುತ್ತದೆ. ಲೂಯಿಸ್‌ನ ತೆಳುನೊರೆ ಕಂಡಿದ್ದವರಿಗೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಭಾರತಕ್ಕೆ ಬರುತ್ತಿದ್ದ ಪೇಲ್ ಏಲ್‌ನ (ತಿಳಿಬಣ್ಣದ ಏಲ್) ನೆನಪಲ್ಲಿ ಅದಕ್ಕೆ ಹೆಸರಾದ ಬರ್ಟನ್ ಊರಿಗೆ ಹೋಗುವವರು ಗಮನಿಸಿ: ಅಲ್ಲಿದ್ದ ಬ್ರೂವರಿ ಮ್ಯೂಸಿಯಂ 2022ರಲ್ಲೇ ಮುಚ್ಚಿದೆ. ಹಳೆಯ ಲೇಖನ ನಂಬಿ ಹೊರಡಬೇಡಿ.

ಇನ್ನು ಪಬ್ ವಿಷಯ. ಸಾಮಾನ್ಯವಾಗಿ ಕೌಂಟರಿಗೆ ಹೋಗಿ ನಾವೇ ಕೇಳಿ, ಅಲ್ಲೇ ಹಣ ಕೊಟ್ಟು ತರಬೇಕು. ಪೈಂಟ್ ಎಂದರೆ 568 ಮಿಲಿ. ಹಲವು ರುಚಿ ನೋಡಬೇಕೆಂದರೆ ಹಾಫ್ ಕೇಳಿ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಯಾವುದು ಬೇಕೆಂದು ತಿಳಿಯದಿದ್ದರೆ ಒಂದು ಗುಟುಕು ರುಚಿ ಕೊಡಿ ಎಂದರೆ ಬಹಳ ಕಡೆ ಸಂತೋಷದಿಂದ ಕೊಡುತ್ತಾರೆ. ವಿನೆಗರ್ ವಾಸನೆ ಬಂದರೆ ಸಂಕೋಚ ಬಿಟ್ಟು ವಾಪಸ್ ಕೊಡಿ, ಒಳ್ಳೆಯ ಪಬ್‌ನಲ್ಲಿ ಬದಲಿಸುತ್ತಾರೆ. ವಯಸ್ಸು 18 ದಾಟಿದ್ದರೂ ನೋಡಲು ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುವುದುಂಟು.

ಸಸ್ಯಾಹಾರಿಗಳಿಗೆ ಮುಖ್ಯವಾದ ಮಾತು. ಕಾಸ್ಕ್ ಏಲನ್ನು ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವುದು ಹಳೆಯ ರೂಢಿ. ನಿಮಗೆ ಅದು ಆಗದಿದ್ದರೆ "ಅನ್‌ಫೈನ್ಡ್" ಅಥವಾ "ವೀಗನ್" ಏಲ್ ಇದೆಯೇ ಎಂದು ಕೇಳಿ. ಈಗ ಅವೂ ಸಿಗುತ್ತವೆ. ಬಾಡಿಗೆ ಕಾರಿನಲ್ಲಿ ಸುತ್ತುವವರು ಕುಡಿಯುವ ದಿನ ಸ್ಟೀರಿಂಗ್ ಮುಟ್ಟಲೇಬೇಡಿ.

ಕಾಸ್ಕ್ ಏಲನ್ನು ಊರಿಗೆ ತರಲಾಗದು. ಸ್ನೇಹಿತರಿಗೆ ಏನಾದರೂ ಒಯ್ಯಬೇಕೆಂದರೆ ಬಾಟಲಿಯೊಳಗೂ ಯೀಸ್ಟ್ ಉಳಿಸಿರುವ ಏಲ್ ಕೊಳ್ಳಿ. ಲಂಡನ್ನಿನ ಚಿಸಿಕ್‌ನ ಫುಲ್ಲರ್ಸ್ ಬ್ರೂವರಿ 1997ರಿಂದ ವರ್ಷಕ್ಕೊಮ್ಮೆ ತರುತ್ತಿರುವ ವಿಂಟೇಜ್ ಏಲ್ ಅಂಥದ್ದು, ವರ್ಷಗಟ್ಟಲೆ ಇಟ್ಟರೂ ಮಾಗುತ್ತಲೇ ಇರುತ್ತದೆ. ಬಟ್ಟೆಯಲ್ಲಿ ಸುತ್ತಿ ಚೆಕ್‌ಇನ್ ಸೂಟ್‌ಕೇಸಿನ ನಡುವೆ ಇಡಿ, ಕ್ಯಾಬಿನ್ ಬ್ಯಾಗಿನಲ್ಲಿ ಬಿಡದೆಯೂ ಇರಬಹುದು.