ಜಗಲಿಯ ಫೋನು ಅಡುಗೆಮನೆಗೂ ಬಂತು

ನಮ್ಮ ಮನೆ ಶಿರಸಿ ಕಡೆ, ತೋಟದ ಅಂಚಿನಲ್ಲಿ. ಮೊಬೈಲ್ ಸಿಗ್ನಲ್ ಬೇಕಂದ್ರೆ ದಿಬ್ಬ ಹತ್ತಬೇಕು. ಹಾಗಾಗಿ ಲ್ಯಾಂಡ್‌ಲೈನ್ ನಮಗೆ ಇವತ್ತಿಗೂ ಬೇಕೇ ಬೇಕು. ಅದಿರುವುದು ಜಗಲಿಯಲ್ಲಿ. ಅತ್ತೆಗೆ ಮಂಡಿನೋವು. ಅಡುಗೆಮನೆಯಿಂದ ಎದ್ದು, ಹೊಸ್ತಿಲು ದಾಟಿ ಬರುವಷ್ಟರಲ್ಲಿ ರಿಂಗ್ ನಿಂತಿರುತ್ತದೆ. ಮಗಳ ಫೋನಾಗಿತ್ತೇನೋ ಅಂತ ಆಮೇಲೆ ಇಡೀ ದಿನ ಅದೇ ಯೋಚನೆ ಅವರಿಗೆ.

ಮೊದಲು ತಾಮ್ರದ ಲೈನ್ ಇದ್ದಾಗ ಅಡುಗೆಮನೆಗೆ, ಮೆತ್ತಿಗೆ (ಮಹಡಿಗೆ) ಎಲ್ಲ ಪ್ಯಾರಲಲ್, ಅಂದ್ರೆ ಅದೇ ಲೈನಿನಿಂದ ಇನ್ನೊಂದು ಫೋನಿಗೆ ತಂತಿ, ಎಳೆದಿದ್ದರು. ಫೈಬರ್ ಬಂದ ಮೇಲೆ ಆ ತಂತಿಗಳೆಲ್ಲ ಸುಮ್ನೆ ಗೋಡೆ ಮೇಲೆ ಉಳಿದವು. ಇನ್ನು ಒಂದೇ ಫೋನು ಅಂತ ಎಲ್ಲರೂ ಅಂದುಕೊಂಡಿದ್ದೆವು. ಹಾಗೇನಿಲ್ಲ. ಫೈಬರ್ ಮೋಡೆಮ್‌ನ ಹಿಂದೆ ಫೋನಿನ ತೂತು ಇದೆಯಲ್ವಾ, ಅಲ್ಲಿಂದ ಬರುವುದೂ ಅದೇ ಎರಡು ತಂತಿಯ ಲೈನು. ಅದನ್ನು ಹಳೆಯ ರೋಸೆಟ್‌ಗೆ, ಅಂದ್ರೆ ಫೋನಿನ ತಂತಿಗಳೆಲ್ಲ ಬಂದು ಸೇರುವ ಗೋಡೆಯ ಪುಟ್ಟ ಪೆಟ್ಟಿಗೆಗೆ, ಕೊಟ್ಟರೆ ಕೋಣೆಗಳ ತಂತಿಗೆಲ್ಲ ಮತ್ತೆ ಜೀವ ಬರುತ್ತದೆ.

ಆದರೆ ಅದಕ್ಕಿಂತ ಮೊದಲು ಕಂಬದಿಂದ ಬರುವ ಹಳೆಯ ಜೋಡಿ ತಂತಿಯನ್ನು ರೋಸೆಟ್‌ನಿಂದ ಬಿಚ್ಚಲೇಬೇಕು. ತಾಮ್ರದ ಲೈನಿನಲ್ಲಿ ಎಕ್ಸ್‌ಚೇಂಜಿನ 48 ವೋಲ್ಟ್ ಇರುತ್ತದೆ. ಅದು ಇನ್ನೂ ಜೀವಂತ ಇದ್ದರೆ ಮೋಡೆಮ್ ಸುಟ್ಟೀತು. ಲೈನ್ ಸತ್ತಿದ್ದರೂ ಸಿಡಿಲಿಗೆ ಆ ತಂತಿ ದಾರಿಯೇ. ಕೆಲಸ ಮಾಡುವಾಗ ಮೋಡೆಮ್‌ನಿಂದ ಫೋನಿನ ತಂತಿಯನ್ನೂ ಕಿತ್ತಿಡಿ. ರಿಂಗ್ ಬಂದಾಗ ಅದರಲ್ಲಿ ಎಸಿ ಕರೆಂಟು ಹರಿಯುತ್ತದೆ, ಬರಿಗೈಗೆ ಚೆನ್ನಾಗಿಯೇ ಹೊಡೆಯುತ್ತದೆ.

ನಮ್ಮಲ್ಲಿ ಮೆತ್ತಿನ ಫೋನು ತಕ್ಷಣ ಮಾತಾಡಿತು. ಅಡುಗೆಮನೆಯದರಲ್ಲಿ ಬರೀ ಗರಗರ. ಒಲೆಯ ಮೇಲ್ಗಡೆ ಒಂದು ಜಾಯಿಂಟ್ ಇತ್ತು. ಟೇಪು ಬಿಚ್ಚಿ ನೋಡಿದರೆ ಹೊಗೆ, ಮಳೆಗಾಲದ ತೇವ ಎಲ್ಲ ಸೇರಿ ತಂತಿಗೆ ಹಸಿರು ಕಿಲುಬು. ಮುಟ್ಟಿದರೆ ಪುಡಿ ಉದುರುತ್ತಿತ್ತು. ಅಷ್ಟುದ್ದ ಕತ್ತರಿಸಿ ಬಿಸಾಕಿ, ರೋಸೆಟ್‌ನಿಂದ ಅಡುಗೆಮನೆಗೆ ಜಾಯಿಂಟ್ ಇಲ್ಲದ ಹೊಸ ತಂತಿಯನ್ನೇ ಎಳೆದೆ. ಗರಗರ ಹೋಯಿತು. ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಪಳಿ ಹಾಗೆ ಎಳೆಯುವುದಕ್ಕಿಂತ ಪ್ರತಿ ಕೋಣೆಗೂ ರೋಸೆಟ್‌ನಿಂದಲೇ ಬೇರೆ ತಂತಿ ಒಳ್ಳೆಯದು. ತೊಂದರೆ ಬಂದಾಗ ಒಂದೊಂದೇ ಬಿಚ್ಚಿ ನೋಡಬಹುದು.

ಫೋನುಗಳನ್ನು ಜಾಸ್ತಿ ಹಾಕಲು ಹೋಗಬೇಡಿ. ಎಲ್ಲ ಗಂಟೆಗಳೂ ಒಂದೇ ಮೋಡೆಮ್‌ನ ಶಕ್ತಿಯನ್ನು ಹಂಚಿಕೊಳ್ಳಬೇಕು. ಹಳೇ ಕಾಲದ ಲೋಹದ ಗಂಟೆಯ ಫೋನಿದ್ದರೆ ಉಳಿದವುಗಳ ರಿಂಗ್ ಸೊರಗಬಹುದು. ಮತ್ತೆ, ಒಂದು ಕೋಣೆಯಲ್ಲಿ ರಿಸೀವರ್ ಸರಿಯಾಗಿ ಇಡದಿದ್ದರೆ ಇಡೀ ಮನೆಯ ಲೈನು ಎಂಗೇಜ್. ಮಕ್ಕಳಿಗೆ ಇದನ್ನು ಹೇಳಿಡಿ.

ತಾಮ್ರದ ಕಾಲದಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಬ್ಯಾಟರಿ ಎಕ್ಸ್‌ಚೇಂಜಿನಲ್ಲೇ ಇತ್ತಲ್ಲ. ಫೈಬರ್ ಕರೆಂಟು ತರುವುದಿಲ್ಲ. ಹಾಗಾಗಿ ಮೋಡೆಮ್ಮನ್ನು ಇನ್ವರ್ಟರ್ ಲೈನಿಗೆ ಹಾಕಿಸಿದ್ದೇನೆ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ನಾಳೆಗೆ ಬಿಡಬೇಡಿ. ಗುಡುಗು ಶುರುವಾದರೆ ಮಾತ್ರ ಪ್ಲಗ್ ಕೀಳುವುದು ಮೊದಲಿನಂತೆಯೇ.

ಕೊಟ್ಟಿಗೆಗೂ ಒಂದು ಫೋನು ಬೇಕು ಅಂತ ಮಾವ ಕೇಳುತ್ತಿದ್ದಾರೆ. ಅಂಗಳ ದಾಟಿಸಿ ತಂತಿ ಎಳೆಯಲು ಸಿಡಿಲಿನ ಭಯ. ಅಲ್ಲಿಗೆ ಕಾರ್ಡ್‌ಲೆಸ್ ತರಿಸುತ್ತೇನೆ.